ಟಿಲ್ಮನ್ ಬ್ರೆಕ್ಕೆಯ ಸಹಿ

ಪೈನ್ ಗ್ಯಾಪ್
ಜೂನ್ 15, 2014, ಭಾನುವಾರ

ಪ್ರೀತಿಯ ಆರ್ಡಿಸ್ ಅಕ್ಕ,

ಫೋನಿನಲ್ಲಾದರೆ ನಾವಿಬ್ಬರೂ ಒಬ್ಬರ ಮಾತು ಇನ್ನೊಬ್ಬರು ಮುಗಿಸಲು ಬಿಡುವುದಿಲ್ಲ. ಈಸ್ಟರ್ ದಿನ ನೀನು ಫೋನ್ ಕುಕ್ಕಿದ ಸದ್ದು ಇನ್ನೂ ಕಿವಿಯಲ್ಲಿದೆ. ಅದಕ್ಕೇ ಈ ಕಾಗದ. ಇಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನೂ ಹಾಕುವಂತಿಲ್ಲ.

ಸುದ್ದಿ ಆಗಲೇ ಮುಟ್ಟಿರುತ್ತದೆ. ರಾಜ್ಯ ಖಜಾಂಚಿ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ನಾನೇ. ಎಂಟು ವರ್ಷ ಶಾಸನಸಭೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದವನು ಈಗ ರಾಜ್ಯವನ್ನು ಸೀಳುವ ನದಿಯ ಈಚೆ ದಡ, ಆಚೆ ದಡ ಎರಡೂ ಕಡೆ ಕೈಮುಗಿದು ಸುತ್ತಬೇಕು.

ನಾನು ಏನು ಹೇಳುತ್ತಿದ್ದೇನೆ ಎಂಬುದನ್ನು ಪತ್ರಿಕೆಯವರಿಂದ ಬೇಡ, ನನ್ನಿಂದಲೇ ತಿಳಿದುಕೋ. ತೆರಿಗೆ ಇಳಿಯಬೇಕು, ಏಕೆಂದರೆ ಹೊಲ ಉಳುವವನಿಗೆ ತನ್ನ ದುಡ್ಡನ್ನು ಯಾವುದಕ್ಕೆ ಹಾಕಬೇಕೆಂದು ರಾಜಧಾನಿಯ ಗುಮಾಸ್ತನಿಗಿಂತ ಚೆನ್ನಾಗಿ ಗೊತ್ತು. ಖರ್ಚು ಇಳಿಯಬೇಕು, ಏಕೆಂದರೆ ಸರ್ಕಾರಕ್ಕೆ ತನ್ನದು ಎಂಬ ಜೇಬೇ ಇಲ್ಲ, ಅದು ಕೈ ಹಾಕುವುದೆಲ್ಲ ಇನ್ನೊಬ್ಬರ ಜೇಬಿಗೆ. ಮತ್ತೆ ಚುನಾವಣೆ. ಅಂಚೆಯಲ್ಲಿ ಬರುವ ಪ್ರತಿಯೊಂದು ಮತದ ಲಕೋಟೆಯ ಸಹಿಯನ್ನು ಕಚೇರಿಯಲ್ಲಿರುವ ಸಹಿಯ ಪಕ್ಕ ಇಟ್ಟು ನೋಡಬೇಕು. ನೋಡುವ ಮೂವರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಒಡೆಯಬಾರದು. ಖಜಾಂಚಿಗೂ ಚುನಾವಣೆಗೂ ಏನು ಸಂಬಂಧ ಎಂದು ಕೇಳುತ್ತೀಯ. ಸಂಬಂಧವಿಲ್ಲ. ಆದರೆ ಜನ ಚಪ್ಪಾಳೆ ತಟ್ಟುವುದು ಇದಕ್ಕೇ. ಕಳೆದ ವರ್ಷ ಆ ಕಾನೂನು ತಂದವನೂ ನಾನೇ, ಅದನ್ನು ಮನಸ್ಸಾರೆ ನಂಬಿದವನೂ ನಾನೇ.

ಸೋಲ್‌ಹೈಮಿನ ಕೌಂಟಿ ವೃದ್ಧಾಶ್ರಮ ಮುಚ್ಚಿದ್ದಕ್ಕೆ ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ, ಗೊತ್ತು. ಆಸ್ತಿ ತೆರಿಗೆಗೆ ಮಿತಿ ಹಾಕಿದ ಮಸೂದೆ ನನ್ನದು, ಕೌಂಟಿಯ ಕೈ ಕಟ್ಟಿಹೋದದ್ದು ಅದರಿಂದಲೇ, ಒಪ್ಪಿದೆ. ಆದರೆ ಅಪ್ಪ ಈಗ ಸಂಬಳದ ನರ್ಸುಗಳ ಕೈಯಲ್ಲಿಲ್ಲ, ಮಗನ ಮನೆಯಲ್ಲಿದ್ದಾನೆ. ಹದಿನಾಲ್ಕು ತಿಂಗಳಿಂದ ಮಾರ್ಲಿಸ್ ಸೊಸೆಯ ಹಾಗಲ್ಲ, ಮಗಳ ಹಾಗೆ ನೋಡಿಕೊಳ್ಳುತ್ತಿದ್ದಾಳೆ.

ಪಕ್ಷದ ಸಮಾವೇಶದಲ್ಲಿ ನಾನು ಮಾತಾಡಿದ್ದನ್ನು ಅಪ್ಪ ಟಿವಿಯಲ್ಲಿ ನೋಡಿದ. "ಟೈ ಸೊಟ್ಟಗಿತ್ತು" ಅಂದ. ಅಷ್ಟೇ.

ನಿನ್ನ ತಮ್ಮ,
ಲೋವೆಲ್


ಸೋಲ್‌ಹೈಮ್
ಜೂನ್ 29, 2014

ಪ್ರೀತಿಯ ಲೋವೆಲ್,

ಟೈ ನಿಜವಾಗಿಯೂ ಸೊಟ್ಟಗಿತ್ತು ಕಣೋ. ಇಲ್ಲಿ ಕೆಫೆಯಲ್ಲಿ ಕೂತು ಹನ್ನೆರಡು ಜನ ನೋಡಿದೆವು. ಗೇಲನ್ ಕೇಳಿದ, "ಏನು ಆರ್ಡಿಸ್, ನಿನ್ನ ತಮ್ಮ ಸರ್ಕಾರದ ಜೇಬು ಹೊಲೀತಾನಂತೆ, ತನ್ನ ಟೈ ಸರಿಮಾಡಿಕೊಳ್ಳಕ್ಕೆ ಬರಲ್ವಾ?" ನಾನು ನಗಲಿಲ್ಲ. ಹೊರಗೆ ಬಂದ ಮೇಲೆ ನಕ್ಕೆ.

ನಿನಗೆ ಬೆಂಬಲ ಕೊಡು ಎಂದು ನೀನು ಕೇಳಲಿಲ್ಲ. ಒಳ್ಳೆಯದಾಯಿತು. ನಾನು ಈ ಕೌಂಟಿಯ ಚುನಾವಣಾಧಿಕಾರಿ, ಇಪ್ಪತ್ತಾರು ವರ್ಷದಿಂದ ನನ್ನ ಅಂಗಳದಲ್ಲಿ ಯಾವ ಪಕ್ಷದ ಫಲಕವನ್ನೂ ನೆಟ್ಟಿಲ್ಲ. ನಿನ್ನದನ್ನೂ ನೆಡುವುದಿಲ್ಲ. ನಿನ್ನ ಕಾನೂನನ್ನು ಮಾತ್ರ ಅಕ್ಷರಶಃ ಪಾಲಿಸುತ್ತೇನೆ, ಅದು ನನ್ನ ಕೆಲಸ.

ಅಪ್ಪ ಮಗನ ಮನೆಯಲ್ಲಿದ್ದಾನೆ ಎಂದು ಬರೆದೆ. ಸರಿ. ಅವನು ಇಲ್ಲಿದ್ದಾಗ ದಿನಾ ಮಧ್ಯಾಹ್ನ ಕಚೇರಿ ಬಿಟ್ಟು ಮೂರು ಬೀದಿ ದಾಟಿ ಅವನ ಜೊತೆ ಸೂಪು ಕುಡಿಯುತ್ತಿದ್ದೆ. ಸಂಬಳದ ನರ್ಸುಗಳು ಎಂದೆಯಲ್ಲ, ಅವರಲ್ಲಿ ಒಬ್ಬಳು ನಿನ್ನ ಜೊತೆ ಒಂದೇ ಕ್ಲಾಸಿನಲ್ಲಿ ಓದಿದವಳು. ಈಗ ಅಪ್ಪನಿಗೂ ನನಗೂ ನಡುವೆ ನಾನೂರು ಮೈಲಿ. ನನ್ನ ಮನೆ ಹಾರ್ಡ್‌ವೇರ್ ಅಂಗಡಿಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು. ಅವನನ್ನು ನಾನು ಇಟ್ಟುಕೊಳ್ಳಲಾಗಲಿಲ್ಲ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ಆ ಮೆಟ್ಟಿಲುಗಳ ಮೇಲಿನ ಸಿಟ್ಟು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ಒಂದು ವಿಷಯ. ಅಪ್ಪ ಪ್ರತಿ ಭಾನುವಾರ ನನಗೆ ಕಾಗದ ಬರೆಯುತ್ತಿದ್ದ. ಹವಾಮಾನ, ಗೋಧಿಯ ಬೆಲೆ, ಪಾದ್ರಿ ಎಷ್ಟು ಹೊತ್ತು ಕೊರೆದರು, ಅಷ್ಟೇ ಇರುತ್ತಿತ್ತು. ಮೇ ತಿಂಗಳಿಂದ ಒಂದೂ ಇಲ್ಲ. ಫೋನು ಅವನಿಗೆ ಮೊದಲೇ ಆಗುವುದಿಲ್ಲ. ಯಾಕೆ ಬರೆಯುತ್ತಿಲ್ಲ, ನನ್ನ ಮೇಲೆ ಬೇಜಾರಾ? ನೀನೇ ಕೇಳಿ ತಿಳಿಸು.

ಆರ್ಡಿಸ್


ಪೈನ್ ಗ್ಯಾಪ್
ಜುಲೈ 6, 2014

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಸ್ವಾತಂತ್ರ್ಯ ದಿನ ಒಂದೇ ದಿನಕ್ಕೆ ಮೂರು ಊರಿನ ಮೆರವಣಿಗೆ. ಟ್ರ್ಯಾಕ್ಟರಿನ ಹಿಂದೆ ನಡೆದು ಮಕ್ಕಳಿಗೆ ಮಿಠಾಯಿ ಎರಚಿ ಎರಚಿ ತೋಳು ನೋಯುತ್ತಿದೆ. ಒಬ್ಬಳು ಮುದುಕಿ ಕುರ್ಚಿಯಿಂದಲೇ ಕೂಗಿದಳು, "ತೆರಿಗೆ ಇಳಿಸ್ತೀನಿ ಅಂತೀಯಲ್ಲ, ನಮ್ಮ ರಸ್ತೆ ಗುಂಡಿ ನೀನೇ ಬಂದು ಮುಚ್ಚತೀಯೇನಪ್ಪಾ?" ನಾನು ಅಂದೆ, "ಸಲಿಕೆ ಕೊಡಮ್ಮ, ಈಗಲೇ ಮುಚ್ಚತೀನಿ." ಜನ ಹೋ ಎಂದರು. ಮಾರನೇ ದಿನ ನಿಜವಾಗಿ ಹೋಗಿ ಎರಡು ಗುಂಡಿ ಮುಚ್ಚಿ ಬಂದೆ. ಫೋಟೋ ತೆಗೆಯಲು ಯಾರೂ ಇರಲಿಲ್ಲ.

ಅಪ್ಪ ಚೆನ್ನಾಗಿದ್ದಾನೆ. ನಿನ್ನ ಮೇಲೆ ಬೇಜಾರಿಲ್ಲ. ಬರೆಯಲು ಮನಸ್ಸಾಗುತ್ತಿಲ್ಲ, ಅಷ್ಟೇ, ಎಂಬತ್ತಾರು ವರ್ಷದವನಿಗೆ ಅಷ್ಟು ಸೋಮಾರಿತನ ಸಲ್ಲಬೇಕು. ಆದರೆ ನವೆಂಬರಿನಲ್ಲಿ ಸೋಲ್‌ಹೈಮಿನಲ್ಲೇ ಮತ ಹಾಕಬೇಕು ಎಂದು ಹಠ. ಹೆಸರು ಇಲ್ಲಿಗೆ ಬದಲಾಯಿಸೋಣ ಎಂದರೆ ಕೇಳುವುದಿಲ್ಲ. "ನಾನು ಅಲ್ಲಿಯವನು. ಅಲ್ಲೇ ಹಾಕೋದು" ಅಂದ. ಅಂಚೆ ಮತದ ಅರ್ಜಿ ಕಳಿಸು.

ಲೋವೆಲ್


ಸೋಲ್‌ಹೈಮ್
ಆಗಸ್ಟ್ 27, 2014

ಲೋವೆಲ್,

ಅಪ್ಪನ ಅರ್ಜಿ ಬಂತು. ಕೆಳಗೆ ಅವನ ಸಹಿ.

ಅದನ್ನು ಸಹಿ ಎಂದು ಕರೆಯುವುದು ಹೇಗೆ? ಟಿಲ್ಮನ್ ಎಂಬಲ್ಲಿ ಎರಡು ಅಕ್ಷರ ಇವೆ, ಆಮೇಲೆ ಒಂದು ಗೆರೆ ಕಾಗದದ ಅಂಚಿನವರೆಗೂ ಜಾರಿಹೋಗಿದೆ. ಕೌಂಟರಿನ ಹಿಂದೆ ನಿಂತೇ ಅತ್ತೆ. ಕಚೇರಿಯ ಡಿಲೋರಿಸ್ ಬಂದು ಏನಾಯಿತೇ ಎಂದಳು, ಏನಿಲ್ಲ ಎಂದೆ.

ಇದು ಸೋಮಾರಿತನ ಅಲ್ಲ. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ. ಯಾವಾಗ? ಮೇ ತಿಂಗಳಲ್ಲೇ ತಾನೆ? ನೀನು ನನಗೆ "ಚೆನ್ನಾಗಿದ್ದಾನೆ" ಎಂದು ಬರೆದೆ. ಮತದಾರರಿಗೆ ಹಾಗೆ ಬರೆ, ನನಗಲ್ಲ.

ಈಗ ಅಧಿಕಾರಿಯಾಗಿ ಹೇಳುತ್ತೇನೆ, ಗಮನವಿಟ್ಟು ಓದು. ಅರ್ಜಿಯನ್ನು ಒಪ್ಪಿಕೊಂಡಿದ್ದೇನೆ, ಅರ್ಜಿಗೆ ಸಹಿ ಹೀಗಿದ್ದರೂ ನಡೆಯುತ್ತದೆ. ಮತದ ಲಕೋಟೆಗೆ ಇಷ್ಟು ಸಾಲದು. ಅವನ ಕೈಯಲ್ಲಿ ಬರೆಯಲು ಆಗದಿದ್ದರೆ ಒಂದು ಎಕ್ಸ್ ಗುರುತು ಹಾಕಲಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳು ಸಹಿ ಮಾಡಲಿ. ಸಾಕ್ಷಿಗಳು ಅಭ್ಯರ್ಥಿಯಾಗಿರಬಾರದು, ಅಂದರೆ ನೀನು ಬೇಡ. ಮಾರ್ಲಿಸ್ ಮತ್ತು ಪಕ್ಕದ ಮನೆಯವರು ಸಾಕು. ಅದಕ್ಕೆ ಬೇಕಾದ ಚೀಟಿ ಈ ಕಾಗದದ ಜೊತೆಗಿದೆ. ನೀನು ತಂದ ಕಾನೂನು ಆ ಸೌಲಭ್ಯವನ್ನು ಕಿತ್ತುಹಾಕಿಲ್ಲ, ಪುಣ್ಯ.

ಸೆಪ್ಟೆಂಬರ್ ಎರಡನೇ ವಾರ ನಾನು ಬರುತ್ತೇನೆ. ಅವನ ಕೋಣೆಯಲ್ಲೇ ಮಲಗುತ್ತೇನೆ.

ಆರ್ಡಿಸ್


ಪೈನ್ ಗ್ಯಾಪ್
ಸೆಪ್ಟೆಂಬರ್ 3, 2014

ಅಕ್ಕ,

ಹೌದು, ಮೇ ಒಂಬತ್ತನೇ ತಾರೀಖು. ಚಿಕ್ಕದು ಎಂದರು ಡಾಕ್ಟರು. ಬಲಗೈ ಮತ್ತು ಮಾತು. ಕಾಲು ಪರವಾಗಿಲ್ಲ. ಸಮಾವೇಶಕ್ಕೆ ಒಂದು ತಿಂಗಳಿತ್ತು, ನಿನಗೆ ಹೇಳಿದ್ದರೆ ನೀನು ಬಂದು ಕರೆದುಕೊಂಡು ಹೋಗುತ್ತಿದ್ದೆ. ಎಲ್ಲಿಗೆ ಎಂದು ಗೊತ್ತಿಲ್ಲ, ಆದರೂ ಕರೆದುಕೊಂಡು ಹೋಗುತ್ತಿದ್ದೆ. ಮಗನ ಮನೆಯಲ್ಲಿ ಅಪ್ಪ ಚೆನ್ನಾಗಿರುತ್ತಾನೆ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ.

ಈಗ ಬರಬೇಡ. ದಯವಿಟ್ಟು. ಎದುರಾಳಿಯ ಕಡೆಯವರು ನಮ್ಮ ಬೀದಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದಾರೆ. ವೃದ್ಧಾಶ್ರಮ ಮುಚ್ಚಿಸಿದವನ ಅಪ್ಪ ಹಾಸಿಗೆ ಹಿಡಿದ, ಮಗಳು ಅಳುತ್ತಾ ಓಡಿ ಬಂದಳು ಎಂದರೆ ಅವರಿಗೆ ಹಬ್ಬ. ಚುನಾವಣೆ ಮುಗಿಯಲಿ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಾ, ಒಂದು ತಿಂಗಳು ಇರು.

ನಿನ್ನ ಎಕ್ಸ್ ಚೀಟಿಯನ್ನು ಅಪ್ಪನಿಗೆ ತೋರಿಸಿದೆ. ತೋರಿಸಬಾರದಿತ್ತು. ಅವನ ಅಜ್ಜ ನಾರ್ವೆಯಿಂದ ಬಂದು ಭೂಮಿ ಕಚೇರಿಯಲ್ಲಿ ಹೆಸರು ಬರೆಯಲು ಬಾರದೆ ಎಕ್ಸ್ ಹಾಕಿದಾಗ ಗುಮಾಸ್ತ ನಕ್ಕ ಕಥೆ ನಿನಗೂ ಗೊತ್ತು. ಅದಾದ ಮೇಲೆ ನಮ್ಮ ಮನೆಯಲ್ಲಿ ನೇಗಿಲು ಹಿಡಿಯುವ ಮೊದಲು ಹೆಸರು ಬರೆಯುವುದನ್ನು ಕಲಿಸುತ್ತಿದ್ದರು. ಅಪ್ಪ ಚೀಟಿಯನ್ನು ಎಡಗೈಯಲ್ಲಿ ಹಿಂದಕ್ಕೆ ತಳ್ಳಿದ. ಬಹಳ ಹೊತ್ತು ತೆಗೆದುಕೊಂಡು ಹೇಳಿದ, "ನನಗೆ ಹೆಸರಿದೆ."

ಈಗ ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಹಳೆ ಕ್ಯಾಲೆಂಡರಿನ ಬೆನ್ನಲ್ಲಿ ಸಹಿ ಅಭ್ಯಾಸ ಮಾಡುತ್ತಿದ್ದಾನೆ. ಸುಧಾರಿಸುತ್ತಿದೆ.

ಲೋವೆಲ್


ಸೋಲ್‌ಹೈಮ್
ಸೆಪ್ಟೆಂಬರ್ 10, 2014

ಲೋವೆಲ್,

ಬರುವುದಿಲ್ಲ. ನಿನಗೋಸ್ಕರ ಅಲ್ಲ, ಆ ಕ್ಯಾಮೆರಾಗಳ ಮುಂದೆ ಅಪ್ಪ ನಿಲ್ಲಬಾರದು ಎಂದು.

ಅಭ್ಯಾಸ ಮಾಡಿದ ಹಾಳೆ ಒಂದನ್ನು ಕಳಿಸು. ಬೇರೇನೂ ಬೇಡ.

ಆರ್ಡಿಸ್


ಕೌಂಟಿ ಚುನಾವಣಾ ಕಚೇರಿ, ಸೋಲ್‌ಹೈಮ್
ಅಕ್ಟೋಬರ್ 20, 2014

ಮಾನ್ಯ ಟಿಲ್ಮನ್ ಬ್ರೆಕ್ಕೆ ಅವರಿಗೆ,

ತಮ್ಮ ಮತದ ಲಕೋಟೆಯು ಕಚೇರಿಗೆ ತಲುಪಿದೆ. ಲಕೋಟೆಯ ಮೇಲಿನ ಸಹಿಯು ತಾವು ಆಗಸ್ಟ್ ತಿಂಗಳಲ್ಲಿ ಸಲ್ಲಿಸಿದ ಅರ್ಜಿಯ ಸಹಿಗೆ ಹೊಂದಿಕೆಯಾಗದ ಕಾರಣ ಲಕೋಟೆಯನ್ನು ತೆರೆಯದೆ ಪ್ರತ್ಯೇಕವಾಗಿ ಇಡಲಾಗಿದೆ. ಜೊತೆಗಿರುವ ಪತ್ರದಲ್ಲಿ ತಮ್ಮ ಸಹಿ ಅಥವಾ ಇಬ್ಬರು ಸಾಕ್ಷಿಗಳ ಸಮೇತ ತಮ್ಮ ಗುರುತನ್ನು ಹಾಕಿ, ನವೆಂಬರ್ 4ರ ಸಂಜೆ ಏಳು ಗಂಟೆಯೊಳಗೆ ತಲುಪಿಸಿದಲ್ಲಿ ತಮ್ಮ ಮತವನ್ನು ಎಣಿಸಲಾಗುವುದು.

ಆರ್ಡಿಸ್ ಬ್ರೆಕ್ಕೆ ಲುಂಡೆ
ಕೌಂಟಿ ಚುನಾವಣಾಧಿಕಾರಿ


ಸೋಲ್‌ಹೈಮ್
ಅಕ್ಟೋಬರ್ 20, 2014

ಲೋವೆಲ್,

ಕಚೇರಿಯ ಕಾಗದ ಅಪ್ಪನ ಹೆಸರಿಗೆ ಹೋಗಿದೆ. ಇದು ನಿನಗೆ.

ಇವತ್ತು ಮೂವರು ಕೂತು ಲಕೋಟೆಗಳನ್ನು ನೋಡಿದೆವು. ಡಿಲೋರಿಸ್ ನಿಮ್ಮ ಪಕ್ಷದವಳು, ಗೇಲನ್ ಎದುರು ಪಕ್ಷದವನು, ನಾನು. ಅಪ್ಪನದು ಬಂದಾಗ ಡಿಲೋರಿಸ್ ಭೂತಗನ್ನಡಿ ಹಿಡಿದು ಅವನ ಹಳೆಯ ನೋಂದಣಿ ಕಾರ್ಡಿನ ಪಕ್ಕ ಇಟ್ಟು ನೋಡಿದಳು. "ಅಚ್ಚು ಹಾಕಿದ ಹಾಗಿದೆ ಕಣೇ" ಅಂದಳು. ಗೇಲನ್, "ನನ್ನ ಸಹಿಗೆ ನನ್ನ ಸಹಿಯೇ ಇಷ್ಟು ಹೋಲಲ್ಲ" ಎಂದು ನಕ್ಕ. ನಾನು ಇಲ್ಲ ಎಂದೆ.

ಅವರು ನನ್ನ ಮುಖ ನೋಡಿದರು. ವೃದ್ಧಾಶ್ರಮದ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಆ ಸಹಿ ನನಗೆ ಗೊತ್ತು. ಎಂಟನೇ ಕ್ಲಾಸಿನಲ್ಲಿ ನೀನು ಲೆಕ್ಕದಲ್ಲಿ ಫೇಲಾದಾಗಲೆಲ್ಲ ಅಂಕಪಟ್ಟಿಯ ಮೇಲೆ ಅಪ್ಪನ ಹೆಸರು ಬರೆಯುತ್ತಿದ್ದೆ. ಬ್ರೆಕ್ಕೆಯ ಕೊನೆಗೆ ಬಾಲ ಮೇಲಕ್ಕೆ ಎತ್ತುತ್ತಿದ್ದೆ, ಥೇಟ್ ಅವನ ಹಾಗೆ. ದನದ ಕೊಟ್ಟಿಗೆಯಲ್ಲಿ ಕೂತು ಬರೆಯುವಾಗ ಬಾಗಿಲು ಕಾಯುತ್ತಿದ್ದವಳು ನಾನು. ಆಗಸ್ಟಿನಲ್ಲಿ ಎರಡು ಅಕ್ಷರ ಬರೆಯಲಾಗದ ಕೈ ಅಕ್ಟೋಬರಿನಲ್ಲಿ ನಲವತ್ತು ವರ್ಷದ ಹಿಂದಿನ ಹಾಗೆ ಬರೆಯುವುದಿಲ್ಲ ಕಣೋ.

ಊರೂರಲ್ಲಿ ನಿಂತು ಒಂದು ಸುಳ್ಳು ಸಹಿಯೂ ನುಸುಳಬಾರದು ಎಂದು ಭಾಷಣ ಮಾಡುವವನು ನೀನು. ಒಂದು ಮತಕ್ಕಾಗಿ ಮಾಡಿದೆಯಾ? ಒಳಗಿನ ಮತವೂ ನಿನ್ನದೇ ಕೈಯದಾ? ಅಪ್ಪನಿಗೆ ಗೊತ್ತಾ?

ಕಾರಣದ ಜಾಗದಲ್ಲಿ ನಾನು ಬರೆದದ್ದು ಆಗಸ್ಟಿನ ಸಹಿಗೆ ಹೋಲುವುದಿಲ್ಲ ಎಂದು ಮಾತ್ರ. ಅದು ನಿಜ. ಅದಕ್ಕಿಂತ ಹೆಚ್ಚಿಗೆ ನಾನು ಯಾರಿಗೂ ಹೇಳುವುದಿಲ್ಲ. ಎರಡು ವಾರ ಸಮಯವಿದೆ. ಅಪ್ಪನ ಕೈಗೆ ಆ ಕಾಗದ ಕೊಡು. ಎಕ್ಸ್ ಹಾಕಿಸು. ಅವನ ಮತ ಎಣಿಕೆಯಾಗಬೇಕು ಲೋವೆಲ್. ಇದು ಅವನ ಕೊನೆಯದು.

ಆರ್ಡಿಸ್


ಪೈನ್ ಗ್ಯಾಪ್
ಅಕ್ಟೋಬರ್ 25, 2014

ಆರ್ಡಿಸ್,

ನಿನ್ನ ಕಾಗದ ಎರಡು ಸಲ ಓದಿದೆ. ಸಹಿ ಅಪ್ಪನದೇ. ಆರು ವಾರ ದಿನಾ ಅಭ್ಯಾಸ ಮಾಡಿದ್ದಾನೆ ಎಂದು ನಾನು ನಿನಗೆ ಮೊದಲೇ ಬರೆದಿದ್ದೆ. ಇಬ್ಬರು ಸರಿ ಎಂದದ್ದನ್ನು ನೀನೊಬ್ಬಳು ತಪ್ಪು ಎಂದೆ. ಸೂಪಿನ ಸಿಟ್ಟನ್ನು ಅಪ್ಪನ ಮತದ ಮೇಲೆ ತೀರಿಸಿಕೊಂಡೆ.

ಅವನ ಹೆಸರು ಅವನದಲ್ಲ ಎಂದು ಸರ್ಕಾರ ಹೇಳುತ್ತಿದೆ, ಅದೂ ಮಗಳ ಸಹಿ ಹಾಕಿ, ಎಂಬ ಕಾಗದವನ್ನು ನಾನು ಅವನ ಕೈಗೆ ಕೊಡುವುದಿಲ್ಲ. ಅಷ್ಟು ಕಟುಕ ನಾನಲ್ಲ.

ಲೋವೆಲ್ ಬ್ರೆಕ್ಕೆ


ಸೋಲ್‌ಹೈಮ್
ನವೆಂಬರ್ 5, 2014

ಲೋವೆಲ್,

ನೀನು ಗೆದ್ದೆ. ನಮ್ಮ ಕೌಂಟಿಯಲ್ಲೂ ಗೆದ್ದೆ. ಐವತ್ತೆರಡು ಸಾವಿರ ಮತದ ಅಂತರ ಎಂದು ರೇಡಿಯೋದವರು ಹೇಳುತ್ತಿದ್ದಾರೆ. ಅಭಿನಂದನೆ. ಇದು ಮನಸ್ಸಿನಿಂದ ಬಂದದ್ದು. ನೀನು ಕಳ್ಳನಲ್ಲ, ಆ ಖಜಾನೆಯನ್ನು ಚೆನ್ನಾಗಿಯೇ ಕಾಯುತ್ತೀಯ.

ನಿನ್ನೆ ಸಂಜೆ ಏಳರವರೆಗೂ ಬಾಗಿಲ ಕಡೆ ನೋಡುತ್ತಿದ್ದೆ. ಏಳಾಯಿತು. ಅಪ್ಪನ ಲಕೋಟೆ ಒಡೆಯದ ಲಕೋಟೆಗಳ ಪೆಟ್ಟಿಗೆಗೆ ಹೋಯಿತು. ಇಪ್ಪತ್ತೆರಡು ತಿಂಗಳು ಇಟ್ಟು ಆಮೇಲೆ ಚೂರು ಮಾಡುತ್ತೇವೆ, ಎಲ್ಲರದ್ದೂ ಹಾಗೇ.

ಶನಿವಾರ ಹೊರಡುತ್ತೇನೆ. ಥ್ಯಾಂಕ್ಸ್‌ಗಿವಿಂಗಿನವರೆಗೆ ಕಾಯುವುದಿಲ್ಲ. ನಿನ್ನ ಜೊತೆ ಮಾತಾಡಬೇಕೆಂದಿಲ್ಲ, ಅಪ್ಪನ ಪಕ್ಕ ಕೂತರೆ ಸಾಕು. ಅವನಿಗೆ ಹೇಳಿಡು.

ಆರ್ಡಿಸ್


ಪೈನ್ ಗ್ಯಾಪ್
ಡಿಸೆಂಬರ್ 7, 2014

ಅಕ್ಕ,

ನೀನು ಐದನೇ ತಾರೀಖು ಬರೆದ ಕಾಗದ ನನ್ನ ಕೈಗೆ ಬಂದದ್ದು ಅಪ್ಪನನ್ನು ಸೋಲ್‌ಹೈಮಿನಲ್ಲಿ ಮಣ್ಣು ಮಾಡಿ ಮರಳಿದ ಮೇಲೆ. ಶನಿವಾರ ಹೊರಡುತ್ತೇನೆ ಎಂದಿದ್ದೆ. ಗುರುವಾರ ಬೆಳಿಗ್ಗೆಯೇ ಅವನು ಹೋಗಿದ್ದ. ಆವತ್ತು ಫೋನಿನಲ್ಲಿ ನಾವಿಬ್ಬರೂ ಒಟ್ಟು ಹತ್ತು ಮಾತು ಆಡಿರಲಿಕ್ಕಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಮಾಂಸ ಆಲೂಗಡ್ಡೆಯ ಹಾಟ್‌ಡಿಷ್ ಬಡಿಸುತ್ತಿದ್ದಾಗ ನೀನು ಕಾಫಿ ಪಾತ್ರೆಯ ಆಚೆ ನಿಂತಿದ್ದೆ, ನಾನು ಈಚೆ. ಜನ ಬಂದು ನನಗೆ ಗೆದ್ದದ್ದಕ್ಕೆ ಅಭಿನಂದನೆ, ಅಪ್ಪ ಹೋದದ್ದಕ್ಕೆ ಸಂತಾಪ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನೀನು ಒಂದನ್ನೂ ಹೇಳಲಿಲ್ಲ. ನಾನು ನಿನ್ನ ಹತ್ತಿರ ಬರಬೇಕಿತ್ತು. ಬರಲಿಲ್ಲ.

ಸಹಿ ನಾನೇ ಮಾಡಿದ್ದು.

ಹೇಗಾಯಿತು ಎಂದು ಬರೆಯುತ್ತೇನೆ, ತೀರ್ಪು ನಿನಗೆ ಬಿಟ್ಟದ್ದು. ಆವತ್ತು ಬೆಳಿಗ್ಗೆ ಅಪ್ಪ ಮತಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ನನ್ನನ್ನು ಕೋಣೆಯಿಂದ ಆಚೆ ಕಳಿಸಿದ. ನಾನು ಅಭ್ಯರ್ಥಿಯಂತೆ, ನೋಡಬಾರದಂತೆ. ಎಡಗೈಯಲ್ಲಿ ಗುರುತು ಹಾಕಿದ, ಒಂದು ಗಂಟೆ ಹಿಡಿಯಿತು. ತಾನೇ ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದ. ಯಾರಿಗೆ ಹಾಕಿದನೋ ನನಗೆ ಗೊತ್ತಿಲ್ಲ. ಆಮೇಲೆ ಕರೆದ. ಸಹಿಗೆ ಪೆನ್ನು ಬಲಗೈಗೇ ಬೇಕೆಂದ. ಹಿಡಿದ, ಬಿತ್ತು. ಎತ್ತಿ ಕೊಟ್ಟೆ, ಬಿತ್ತು. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಅಕ್ಕ, ಅಪ್ಪ ಅತ್ತ. ಅಮ್ಮ ಹೋದಾಗಲೂ ಅಳದವನು ಬಾಯಿ ಸೊಟ್ಟಗೆ ಮಾಡಿಕೊಂಡು ಮಗುವಿನ ಹಾಗೆ ಅತ್ತ. ಎಕ್ಸ್ ಹಾಕಪ್ಪ ಎಂದೆ. ತಲೆ ಅಲ್ಲಾಡಿಸಿದ. ಆಮೇಲೆ ಲಕೋಟೆಯನ್ನು ನನ್ನ ಕಡೆ ತಳ್ಳಿ, ಒಂದೊಂದೇ ಪದ ಹೊರಡಿಸಿ ಹೇಳಿದ, "ನೀನೇ ಬರಿ. ನಿನಗೆ ಬರುತ್ತಲ್ಲ. ಕೊಟ್ಟಿಗೆಯಲ್ಲಿ ಬರೀತಿದ್ದೆಯಲ್ಲ."

ಅವನಿಗೆ ಗೊತ್ತಿತ್ತು ಅಕ್ಕ. ಅಷ್ಟು ವರ್ಷವೂ ಗೊತ್ತಿತ್ತು, ಒಂದು ದಿನವೂ ಕೇಳಿರಲಿಲ್ಲ.

ನಾನು ಬರೆದೆ. ಅವನು ನೋಡಿ ಕಣ್ಣೊರೆಸಿಕೊಂಡ. ಆ ಗಳಿಗೆಯಲ್ಲಿ ನನಗೆ ಕಾನೂನು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಆದರೂ ಬರೆದೆ. ನಿನಗೆ ಸಿಟ್ಟಿನಲ್ಲಿ ಬರೆದ ಕಾಗದದ ಉದ್ದಕ್ಕೂ ಸುಳ್ಳು ಹೇಳಿದೆ, ಏಕೆಂದರೆ ನಿಜ ಹೇಳಿದರೆ ಮಾರನೇ ದಿನ ನಾನು ಯಾವ ವೇದಿಕೆಯ ಮೇಲೂ ನಿಲ್ಲುವಂತಿರಲಿಲ್ಲ. ಅಪ್ಪನ ಮರ್ಯಾದೆಗೆ ಎಂದು ಬರೆದೆ. ನಿಜವಾಗಿ ಅದು ನನ್ನ ಮರ್ಯಾದೆಗೆ.

ನಿನ್ನ ಕಚೇರಿಯ ಕಾಗದವನ್ನು ಕಾರಿನ ಡಿಕ್ಕಿಯಲ್ಲಿ ಪ್ರಚಾರದ ಫಲಕಗಳ ಕೆಳಗೆ ಇಟ್ಟೆ. ಕೊನೆಯ ವಾರ ಅಪ್ಪ ದಿನಾ ಬೆಳಿಗ್ಗೆ ಕೇಳುತ್ತಿದ್ದ, "ಆರ್ಡಿಸ್ ಕಡೆಯಿಂದ ಕಾಗದ ಏನಾದ್ರೂ ಬಂತಾ?" ನಾನು ದಿನಾ, "ಇಲ್ಲಪ್ಪ, ಎಲ್ಲಾ ಸರಿ ಇದೆ, ನಿನ್ನ ಮತ ಎಣಿಸ್ತಾರೆ" ಅನ್ನುತ್ತಿದ್ದೆ. ತಲೆಯಾಡಿಸುತ್ತಿದ್ದ. ಚುನಾವಣೆಯ ದಿನ ಬೆಳಿಗ್ಗೆ ಎರಡು ಸಲ ಕೇಳಿದ.

ನನಗೆ ಒಂದೇ ಸಮಾಧಾನ, ತನ್ನ ಮತ ಎಣಿಕೆಯಾಯಿತು ಎಂದುಕೊಂಡೇ ಹೋದ ಎಂಬುದು. ಆದರೆ ನಿನ್ನೆ ಫೋನ್ ಬಿಲ್ಲು ಬಂತು. ಅಕ್ಟೋಬರ್ 29, ಬುಧವಾರ ಮಧ್ಯಾಹ್ನ ನಮ್ಮ ಮನೆಯಿಂದ ನಿನ್ನ ಕಚೇರಿಗೆ ಹದಿನಾಲ್ಕು ನಿಮಿಷ ಮಾತು. ನಾನು ಊರಲ್ಲಿರಲಿಲ್ಲ, ಮಾರ್ಲಿಸ್ ಅಂಗಡಿಗೆ ಹೋಗಿದ್ದಳಂತೆ. ಅಪ್ಪನೇ ಮಾಡಿರಬೇಕು. ಏನು ಕೇಳಿದ? ನೀನು ಏನು ಹೇಳಿದೆ? ಏನೇ ಆಗಿರಲಿ ಬರೆ. ಜನವರಿಯಲ್ಲಿ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು. ಅದಕ್ಕೆ ಮುಂಚೆ ನನಗೆ ತಿಳಿಯಬೇಕು.

ಲೋವೆಲ್


ಸೋಲ್‌ಹೈಮ್
ಡಿಸೆಂಬರ್ 14, 2014

ಲೋವೆಲ್,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆದು ಒಲೆಗೆ ಹಾಕುತ್ತೇನೆ. ಒಂದು ಸಲ ಬರೆಯದೆ ನನ್ನಿಂದ ಆಗುವುದಿಲ್ಲ.

ಹೌದು, ಅಪ್ಪನೇ ಫೋನ್ ಮಾಡಿದ್ದ. ಮೊದಲ ಎರಡು ನಿಮಿಷ ಬರೀ ಉಸಿರು. "ನನ್ನ ಲಕೋಟೆ" ಅಂದ. ನಾನು ಸುಳ್ಳು ಹೇಳಬಹುದಿತ್ತು. ಎದುರಿಗೆ ಡಿಲೋರಿಸ್ ಕೂತಿದ್ದಳು, ಗೋಡೆಯ ಮೇಲೆ ನಾನು ಮಾಡಿದ ಪ್ರಮಾಣದ ಚೌಕಟ್ಟು ಇತ್ತು, ಮತದಾರ ಕೇಳಿದರೆ ನಿಜ ಹೇಳಲೇಬೇಕು. ಹೇಳಿದೆ. ಒಡೆದಿಲ್ಲಪ್ಪ, ಸಹಿ ನಿನ್ನದಲ್ಲ ಎಂದೆ.

ಆಮೇಲೆ ಅಂದ, "ನನ್ನ ಹಠಕ್ಕೆ ಅವನು ಕಳ್ಳ ಆದ." ಇನ್ನೂ ಸಮಯ ಇದೆಯಾ ಎಂದು ಕೇಳಿದ. ಆರು ದಿನ ಇದೆ, ಎಕ್ಸ್ ಹಾಕಿದರೆ ಸಾಕು, ಕಾಗದ ಲೋವೆಲ್ ಹತ್ತಿರ ಇದೆ ಎಂದೆ. ಅವನು ಅಂದ, "ಹಾಕ್ತೀನಿ. ಅವನು ತಂದು ಕೊಡಲಿ." ನಾನೇ ಅವನಿಗೆ ಹೇಳುತ್ತೇನಪ್ಪ ಎಂದೆ. "ಬೇಡ. ಅವನಾಗೇ ತರಬೇಕು. ತರ್ತಾನೆ. ನನ್ನ ಮಗ" ಅಂದ. ಮಾತು ಕೊಡಿಸಿಕೊಂಡ.

ದಿನಾ ಬೆಳಿಗ್ಗೆ ಅವನು ನಿನ್ನನ್ನು ಕೇಳುತ್ತಿದ್ದದ್ದು ಅದಕ್ಕೆ ಕಣೋ. ಕಾಗದ ಬಂತಾ ಎಂದು ಕೇಳಿದ್ದು ತಿಳಿಯಲು ಅಲ್ಲ. ನೀನು ಎದ್ದು ಹೋಗಿ ತಂದು ಕೊಡಲಿ ಎಂದು. ಎಂಬತ್ತು ವರ್ಷ ಹೊತ್ತ ಹಠವನ್ನು ಕೆಳಗಿಟ್ಟು, ಅಜ್ಜನಿಗೆ ಗುಮಾಸ್ತ ನಕ್ಕ ಅದೇ ಗುರುತನ್ನು ಹಾಕಲು ತಯಾರಾಗಿ ಕೂತಿದ್ದ, ನಿನಗೋಸ್ಕರ. ಆರು ದಿನ. ಕೊನೆಯ ದಿನ ಎರಡು ಸಲ ಕೇಳಿದ ಎಂದು ನೀನೇ ಬರೆದಿದ್ದೀಯ. ಆ ಸಾಲು ಓದಿ ನನಗೆ ಕೂರಲಾಗಲಿಲ್ಲ.

ನಾನೂ ಏನು ಮಾಡಿದೆ? ಕಾರು ಹತ್ತಬಹುದಿತ್ತು. ಚುನಾವಣೆಯ ವಾರ ಅಧಿಕಾರಿ ಕಚೇರಿ ಬಿಡುವಂತಿಲ್ಲ ಎಂದುಕೊಂಡೆ. ಮಾತು ಕೊಟ್ಟಿದ್ದೇನೆ ಎಂದುಕೊಂಡೆ. ನೀನೂ ನಾನೂ ಇಬ್ಬರೂ ನಿಯಮದ ಹಿಂದೆಯೇ ಅಡಗಿಕೊಂಡೆವು, ಅವನೊಬ್ಬನೇ ಮುಂದೆ ಬಂದ.

ಇದನ್ನು ಓದಿದರೆ ನೀನು ಬದುಕಿರುವಷ್ಟು ದಿನವೂ ಸಾಯುತ್ತೀಯ. ಸಿಟ್ಟಿದೆ ನನಗೆ ನಿನ್ನ ಮೇಲೆ, ಎದೆ ಒಡೆಯುವಷ್ಟಿದೆ. ಆದರೆ ನಿನ್ನನ್ನು ಹಾಗೆ ಸಾಯಿಸುವಷ್ಟಿಲ್ಲ.

ಆರ್ಡಿಸ್


ಸೋಲ್‌ಹೈಮ್
ಡಿಸೆಂಬರ್ 15, 2014

ಪ್ರೀತಿಯ ಲೋವೆಲ್,

ನಿನ್ನ ಕಾಗದ ಬಂತು. ನಿಜ ಬರೆದದ್ದಕ್ಕೆ ನನಗೆ ಸಂತೋಷವಾಯಿತು. ಅಪ್ಪನೇ ಬರೆ ಎಂದಿದ್ದ ಎಂಬುದು ನನಗೆ ಗೊತ್ತಿರಲಿಲ್ಲ, ಒಂದು ಮತಕ್ಕಾಗಿ ಮಾಡಿದೆ ಎಂದು ನಾನು ಬರೆದದ್ದನ್ನು ಮರೆತುಬಿಡು.

ಜನವರಿಯಲ್ಲಿ ಪ್ರಮಾಣಕ್ಕೆ ನಾನು ಬರುತ್ತೇನೆ. ಮಾರ್ಲಿಸ್‌ಗೆ ಹೇಳು, ಲೆಫ್ಸೆ ರೊಟ್ಟಿ ನಾನೇ ಮಾಡಿಕೊಂಡು ತರುತ್ತೇನೆ, ಅವಳು ಆಲೂಗಡ್ಡೆ ಬೇಯಿಸುವುದು ಬೇಡ.

ಫೋನಿನ ಬಗ್ಗೆ ಕೇಳಿದ್ದೀಯ. ಹೌದು, ಆ ಬುಧವಾರ ಅಪ್ಪ ಮಾಡಿದ್ದ. ಹದಿನಾಲ್ಕು ನಿಮಿಷ ಎಂದರೆ ಬಹಳ ಮಾತಾಡಿದ ಎಂದುಕೊಳ್ಳಬೇಡ, ಒಂದು ಪದ ಹೊರಡಲು ಎಷ್ಟು ಹೊತ್ತಾಗುತ್ತಿತ್ತು ಎಂದು ನಿನಗೇ ಗೊತ್ತು. ಚಳಿಗಾಲದ ಕಿಟಕಿ ಹಾಕಿಸಿದೆಯಾ ಎಂದು ಕೇಳಿದ. ಹಿಮ ಬಿತ್ತಾ ಎಂದ. ಪಾದ್ರಿ ಈಗಲೂ ಅಷ್ಟೇ ಹೊತ್ತು ಕೊರೆಯುತ್ತಾರಾ ಎಂದ. ಮತದ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನು ಏನನ್ನೂ ಕಾಯುತ್ತಿರಲಿಲ್ಲ ಲೋವೆಲ್. ನೀನು ಹೇಳಿದ್ದನ್ನೇ ನಂಬಿಕೊಂಡು ಹೋದ.

ನಿನ್ನ ಅಕ್ಕ,
ಆರ್ಡಿಸ್